ಪಾಲಾದ ಹಿಡಿಕೆ

ಅವರು ಚಹಾ ಕುಡಿಯುತ್ತಿದ್ದುದು ನಿಂತುಕೊಂಡೇ. ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನಿಗೆ ಕೈಯೂರಿ ನಿಲ್ಲುತ್ತಿದ್ದರು. ಮುಂಬೈ ಪಕ್ಕದ ಠಾಣೆ ಊರಿನ ಒಂದು ಹೋಟೆಲಿನಲ್ಲಿ ಮೊದಲು ಟೇಬಲ್ ಒರೆಸಿ, ಆಮೇಲೆ ಬಡಿಸಿ, ಕೊನೆಗೆ ಆರ್ಡರ್ ಬರೆದುಕೊಳ್ಳುವ ಕ್ಯಾಪ್ಟನ್ ಆಗಿ ನಿವೃತ್ತರಾದವರು. ಕೂರಿ ಎಂದು ಒತ್ತಾಯ ಮಾಡಿದರೆ, “ಕೂತವ ಗಿರಾಕಿ, ನಿಂತವ ಮಾಣಿ. ನಾನಿನ್ನೂ ಗಿರಾಕಿ ಆಗಿಲ್ಲ ಮಾರಾಯ್ರೆ” ಎನ್ನುತ್ತಿದ್ದರು. ಅಷ್ಟರಲ್ಲಿ ಅರ್ಧ ಕಪ್ ಖಾಲಿಯಾಗಿರುತ್ತಿತ್ತು. ಇನ್ನರ್ಧ ಬಾಗಿಲ ಹತ್ತಿರ.

ಹೆಗಲ ಮೇಲೆ ಯಾವಾಗಲೂ ಒಂದು ಬಟ್ಟೆ. ನಮ್ಮ ಮನೆಗೆ ಬಂದರೂ ಮಾತಾಡುತ್ತಾ ಆಡುತ್ತಾ ಟೀಪಾಯಿ ಒರೆಸಿಬಿಡುತ್ತಿದ್ದರು. ಮೊದಲ ಸಲ ನನ್ನ ಹೆಂಡತಿಗೆ ಸಿಟ್ಟು ಬಂತು. “ಯಾಕ್ರೀ ಅಣ್ಣಾರ, ನಾ ಮನಿ ಹೊಲಸ ಇಟ್ಟೀನೇನು?”

“ಅಯ್ಯೋ ಇಲ್ಲಮ್ಮ. ನನಗೆ ಗೊತ್ತುಂಟು. ಕೈಗೆ ಗೊತ್ತಿಲ್ಲ.”

ನಮ್ಮದು ಡೊಂಬಿವಲಿ ಪೂರ್ವದಲ್ಲಿ ಒಂದು ಹಳೆಯ ಕಟ್ಟಡ. ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ಇಡೀ ಕಟ್ಟಡದಲ್ಲಿ ಕನ್ನಡದ ಮನೆಗಳು ಎರಡೇ; ಅದರಲ್ಲೂ ಅವರು ಉಡುಪಿ ಕಡೆಯವರು, ಮನೆಯೊಳಗೆ ತುಳು. ನಾನು ಬೈಲಹೊಂಗಲದವನು. ಮೊದಲ ಕೆಲವು ತಿಂಗಳು ನಾವಿಬ್ಬರೂ ಒಬ್ಬರ ಕನ್ನಡ ಇನ್ನೊಬ್ಬರಿಗೆ ತಿಳಿಯದೆ ಹಿಂದಿಯಲ್ಲೇ ಮುಗಿಸುತ್ತಿದ್ದೆವು. ನಾನು ಕೂದಲು ಬೆಳ್ಳಗಾಗುವ ಹೊತ್ತಿಗೆ ಹತ್ತನೆಯ ತರಗತಿ ಪಾಸು ಮಾಡಿದವನು. ಅದು ಗೊತ್ತಾದ ದಿನದಿಂದ ಅವರು ನನ್ನನ್ನು ಕರೆದದ್ದು “ಮಾಸ್ಟ್ರೆ” ಎಂದೇ. ಅದರಲ್ಲಿ ತಮಾಷೆ ಎಷ್ಟು, ಗೌರವ ಎಷ್ಟು ಎಂದು ನಾನು ಕೇಳಲು ಹೋಗಲಿಲ್ಲ.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಕಟ್ಟಡದ ಮಕ್ಕಳು ಈಗಲೂ ಅವರನ್ನು “ಫೌಜಿ ಅಂಕಲ್” ಎಂದೇ ನೆನೆಯುತ್ತವೆ. ಬದುಕಿದ್ದಾಗ ಅವರು ಪ್ರತಿ ಸಲ ತಿದ್ದುತ್ತಿದ್ದರು: “ಮೈ ಫೌಜಿ ನಹೀ ರೇ, ಫೌಜಿ ಕಾ ಬೇಟಾ. ಮೈ ಇಡ್ಲಿ-ವಡಾ.” ಸೈನಿಕ ನಾನಲ್ಲ, ನಾನು ಸೈನಿಕನ ಮಗ, ಬರೀ ಇಡ್ಲಿ-ವಡೆಯವನು ಎಂದು. ಮಕ್ಕಳು ನಗುತ್ತಿದ್ದವು, ಮತ್ತೆ ಹಾಗೇ ಕರೆಯುತ್ತಿದ್ದವು. ಆ ಹೆಸರು ಬಂದದ್ದು ಆಯುಧಪೂಜೆಯ ದಿನ ಅವರ ದೇವರ ಮುಂದೆ ತರಕಾರಿ ಚೂರಿ, ಕತ್ತರಿ, ತೆಂಗಿನಕಾಯಿ ತುರಿಯುವ ಮಣೆಗಳ ನಡುವೆ ಮಲಗಿರುತ್ತಿದ್ದ ಒಂದು ಬಯೊನೆಟ್ಟಿನಿಂದ. ಬಂದೂಕಿನ ಮೂತಿಗೆ ಸಿಕ್ಕಿಸುವ ಮೊಳದುದ್ದದ ಚೂರಿ. ಅವರ ತಂದೆ ಸೈನ್ಯದಿಂದ ಬರುವಾಗ ತಂದದ್ದು. ಹೇಗೆ ತಂದರು ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಂದೆ ಅದನ್ನು ಹಿಂದಿಯವರ ಹಾಗೆ ಸಂಗೀನು ಎನ್ನುತ್ತಿದ್ದರಂತೆ. ಇವರೂ ಹಾಗೇ ಎನ್ನುತ್ತಿದ್ದರು.

ನಾನು ಮೊದಲ ಸಲ ನೋಡಿದಾಗ ಅದು ವಿಚಿತ್ರವಾಗಿತ್ತು. ಇಂಥ ಚೂರಿಯ ಹಿಡಿಕೆಗೆ ಎರಡು ಮರದ ಹೋಳುಗಳಿರುತ್ತವೆ. ನಡುವೆ ಉಕ್ಕಿನ ಪಟ್ಟಿ, ಈ ಕಡೆ ಒಂದು ಹೋಳು, ಆ ಕಡೆ ಒಂದು ಹೋಳು, ಎರಡನ್ನೂ ಹಿಡಿದಿಡಲು ಎರಡು ಸ್ಕ್ರೂ. ಇವರ ಸಂಗೀನಿಗೆ ಒಂದೇ ಹೋಳು. ಇನ್ನೊಂದು ಕಡೆ ಬರಿಯ ಉಕ್ಕು, ತುಕ್ಕು ತಿಂದು ಗುಳಿಬಿದ್ದಿತ್ತು. ಸ್ಕ್ರೂಗಳಿದ್ದರೂ, ಇದ್ದ ಒಂದು ಹೋಳು ಅಲುಗದಿರಲೆಂದು ಸೈಕಲ್ ಟ್ಯೂಬಿನ ತುಂಡು ಬಿಗಿದಿದ್ದರು.

“ಇನ್ನೊಂದ್ ಎಲ್ಲೈತ್ರಿ?” ಎಂದೆ.

“ಅಂಬರನಾಥದಲ್ಲಿ,” ಎಂದರು, ನಾಲ್ಕೈದು ಸ್ಟೇಷನ್ನಿನಾಚೆಯದನ್ನು ಯಾವುದೋ ದೂರದೂರಿನ ಹಾಗೆ. “ನನ್ನ ಅಣ್ಣನ ಮನೆಯಲ್ಲಿ. ಅದು ಅವನ ಪಾಲು.”

ತಂದೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಕಾಲು ಒತ್ತಿದ ದಿನ “ಸಂಗೀನು ನಿನಗೇ” ಎನ್ನುತ್ತಿದ್ದರಂತೆ. ಚಿಕ್ಕವನು ಬೀಡಿ ತಂದುಕೊಟ್ಟ ದಿನ ಅದೇ ಮಾತು ಅವನಿಗೆ. ಹೀಗೆ ಇಬ್ಬರಿಗೂ ಕೊಟ್ಟು ತೀರಿಕೊಂಡರು. ಕಲ್ಯಾಣದ ಬಾಡಿಗೆ ಕೋಣೆಯಲ್ಲಿ ಉತ್ತರಕ್ರಿಯೆ ಮುಗಿದ ಮೇಲೆ ಪಾತ್ರೆ, ಟ್ರಂಕು, ಹಾಸಿಗೆಗಳೆಲ್ಲ ಜಗಳವಿಲ್ಲದೆ ಪಾಲಾದವು. ಸಂಗೀನಿಗೆ ಬಂದಾಗ ಮಾತು ಏರಿತು. ಅವರಲ್ಲಿ ಸೋದರಮಾವನ ಮಾತೇ ಕೊನೆಯ ಮಾತು. ಮಾವ ಊರಿನಿಂದ ಬಂದವರು, ಸಂಜೆಯ ಬಸ್ಸಿಗೆ ಹೊರಡಬೇಕಿತ್ತು. ಪಕ್ಕದ ಮನೆಯಿಂದ ಸ್ಕ್ರೂಡ್ರೈವರ್ ತರಿಸಿ, ಎಲ್ಲರೂ ನೋಡುತ್ತಿದ್ದಂತೆ ಒಂದು ಹೋಳು ಬಿಚ್ಚಿ ದೊಡ್ಡವನ ಕೈಗಿಟ್ಟರು. ಉಳಿದದ್ದು, ತಾಯಿಯನ್ನು ನೋಡಿಕೊಳ್ಳುವವನೆಂದು ಚಿಕ್ಕವನಿಗೆ. “ಸಮಪಾಲು. ಇನ್ನು ಊಟಕ್ಕೆ ಎಲೆ ಹಾಕಿ” ಎಂದರಂತೆ.

“ಮಾವ ಹೇಳಿದ ಮೇಲೆ ಮುಗೀತಲ್ಲ ಮಾಸ್ಟ್ರೆ. ಎದುರು ಹೇಳುವ ಹಾಗಿಲ್ಲ. ಅಣ್ಣ ಎಲೆಯ ಮುಂದೆ ಕೂತ, ಉಣ್ಣಲಿಲ್ಲ. ‘ಅವನಿಗೆ ಆಯುಧ, ನನಗೆ ಕಟ್ಟಿಗೆ ಚೂರು’ ಅಂದ. ಎದ್ದು ಹೋದ. ಆಮೇಲೆ ಅಮ್ಮ ಹೋದಾಗ ಬಂದಿದ್ದ. ಹೆಗಲು ಕೊಟ್ಟ. ನಾನು ಮುಂದೆ, ಅವ ಹಿಂದೆ. ಮಾತಿಲ್ಲ.”

ಇದನ್ನು ಹೇಳುವಾಗ ಅವರು ನಮ್ಮ ಕಿಟಕಿಯ ಸರಳುಗಳನ್ನು ಒಂದೊಂದಾಗಿ ಒರೆಸುತ್ತಿದ್ದರು.

ಹೋದ ವರ್ಷ ಮಳೆ ಬರುವುದಕ್ಕೆ ಮುಂಚೆ ಅಂಬರನಾಥದಿಂದ ಅತ್ತಿಗೆಯ ಫೋನು ಬಂತು. ಅಣ್ಣನಿಗೆ ಪಾರ್ಶ್ವವಾಯು ಬಡಿದಿತ್ತು. ಬಲಗೈ, ಬಲಗಾಲು ಏಳುತ್ತಿಲ್ಲ, ಮಾತು ತೊದಲು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದೇ ಹಟ, ಸಂಗೀನು ಬೇಕು. ಇವರು ಫೋನು ಕಿವಿಗಿಟ್ಟುಕೊಂಡೇ ಚಪ್ಪಲಿ ಹಾಕಿಕೊಂಡಿದ್ದರು. “ಈಗಲೇ ತರ್ತೇನೆ ಅತ್ತಿಗೆ.” ಆ ಕಡೆಯಿಂದ ಅತ್ತಿಗೆ ಹೇಳಿದ್ದು ಬೇರೆ: “ಹಾಗೆ ತರುವುದು ಬೇಡವಂತೆ. ಕೂಡಿಸಿ ತರಬೇಕಂತೆ. ಅಪ್ಪ ಇದ್ದಾಗ ಹೇಗಿತ್ತೋ ಹಾಗೆ. ಇಲ್ಲದಿದ್ರೆ ಬಾಗಿಲಿಗೆ ಬರುವುದು ಬೇಡ ಅಂತಾರೆ.”

ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಅತ್ತಿಗೆ ಇನ್ನೊಂದು ಹೋಳನ್ನು ತಂದುಕೊಟ್ಟರು. ಮಿಠಾಯಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿತ್ತು. ಇವರು ಅದನ್ನು ತಂದು ನಮ್ಮ ಟೀಪಾಯಿಯ ಮೇಲೆ ತಮ್ಮ ಸಂಗೀನಿನ ಪಕ್ಕದಲ್ಲಿಟ್ಟರು. ಅಣ್ಣ ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ವಿಭಾಗದಲ್ಲಿದ್ದವರಂತೆ. ಆ ಹೋಳಿಗೆ ವಾರ್ನಿಶು ಹೊಡೆದು ಕನ್ನಡಿಯ ಹಾಗೆ ಮಾಡಿದ್ದರು. ಇವರ ಹೋಳು ಟ್ಯೂಬಿನ ರಬ್ಬರಿನಡಿ ಬೆವರಿ ಕಪ್ಪಾಗಿ ಕೈಗೆ ಅಂಟುತ್ತಿತ್ತು. ಒಂದೇ ಚೂರಿಯ ಎರಡು ಕಡೆ ಎಂದು ಹೇಳಿದರೆ ಯಾರೂ ನಂಬುವಂತಿರಲಿಲ್ಲ.

“ಯಾಕ ಹಿಂಗ ಅಂಟತೈತ್ರಿ ಇದು?”

“ವರ್ಷ ವರ್ಷ ಪೂಜೆಗೆ ಮುಂಚೆ ತೆಂಗಿನೆಣ್ಣೆ ತಿಕ್ಕುತ್ತೇನಲ್ಲ.”

“ಕಟ್ಟಿಗಿಗೆ ಕೊಬ್ಬರಿ ಎಣ್ಣಿ ಹಚ್ತಾರೇನ್ರಿ? ಅದು ಒಣಗೂದಿಲ್ಲ. ಧೂಳ ಹಿಡಿದು ಮೇಣ ಆಗ್ತೈತಿ. ನಮ್ಮ ಕಡೆ ನೇಗಿಲ ಮೇಳಿಗೆ, ಕೊಡ್ಲಿ ಕಾವಿಗೆ ಅಗಸಿ ಎಣ್ಣಿ ಹಚ್ತೀವಿ.”

“ತೆಂಗಿನೆಣ್ಣೆಗೆ ಹೆಸರಿಡ್ಬೇಡಿ ಮಾಸ್ಟ್ರೆ. ಹುಟ್ಟಿದ ಕೂಸಿಗೆ ಅದೇ, ಸತ್ತ ಹೆಣಕ್ಕೆ ಅದೇ. ಮರಕ್ಕೆ ಯಾಕೆ ಆಗುದಿಲ್ಲ?”

“ಮರಕ್ಕ ಆಗೂದಿಲ್ಲ ಅಷ್ಟ.”

ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಮೂರನೆಯ ದಿನ ಕಲ್ಯಾಣದ ಪೇಟೆಗೆ ನನ್ನನ್ನೇ ಎಳೆದುಕೊಂಡು ಹೋದರು. ಗಾಣದೆಣ್ಣೆಯ ಅಂಗಡಿಯಲ್ಲಿ ಅಗಸೆ ಎಣ್ಣೆ ಕೇಳಿದಾಗ ಅಂಗಡಿಯವನು “ಖಾಯಲಾ ಕೀ ಲಾವಾಯಲಾ?” ಎಂದ. ತಿನ್ನಲಿಕ್ಕೋ ಹಚ್ಚಲಿಕ್ಕೋ ಎಂದು. ಇವರು ಬಾಟಲಿಯನ್ನೇ ನೋಡುತ್ತಾ ಮರಾಠಿಯಲ್ಲಿ “ಅಣ್ಣನಿಗೆ ಕೊಡಲಿಕ್ಕೆ” ಎಂದರು. ಅಂಗಡಿಯವನು ನನ್ನ ಮುಖ ನೋಡಿದ.

ಮೊದಲು ಸ್ಕ್ರೂಗಳೇ ಜಗ್ಗಲಿಲ್ಲ. ಅಷ್ಟು ವರ್ಷಗಳ ಪೂಜೆಯ ಕುಂಕುಮ, ಗಂಧ ಸ್ಕ್ರೂವಿನ ಗೆರೆಯೊಳಗೆ ಕೂತು ಕಲ್ಲಾಗಿತ್ತು. ದೇವರಿಗೆಂದು ಹಚ್ಚಿದ ನೀರುಗಂಧವೇ ಕೆಳಗಿನ ಉಕ್ಕನ್ನು ತಿಂದಿತ್ತು. ಅವರು ಸೂಜಿಯಿಂದ ಆ ಕೆಂಪನ್ನು ಕೆದಕಿ ತೆಗೆದು ಕಾಗದದ ಮೇಲೆ ಕೂಡಿಟ್ಟು, ಎಸೆಯಲಾರದೆ ತುಳಸಿ ಕುಂಡಕ್ಕೆ ಹಾಕಿಬಂದರು. ಸೀಮೆಎಣ್ಣೆಯ ಒಂದೊಂದು ಹನಿ ಬಿಟ್ಟು ಕಾಯಬೇಕಿತ್ತು. ಕಾಯುವುದು ಅವರಿಗೆ ಬರುತ್ತಿರಲಿಲ್ಲ. ಲೋಕಲ್ ಟ್ರೇನಿನಲ್ಲಿ ಡೊಂಬಿವಲಿಗೆ ಇಳಿಯಲು ಮೂರು ಸ್ಟೇಷನ್ನು ಮುಂಚೆ, ಮುಂಬ್ರಾದಲ್ಲೇ ಎದ್ದು ಬಾಗಿಲಿಗೆ ಹೋಗುವ ಮನುಷ್ಯ. ಹನಿ ಬಿಟ್ಟು, ಮೆಟ್ಟಿಲಿಳಿದು ಗೇಟಿನವರೆಗೆ ಹೋಗಿ, ಹತ್ತಿ ಬಂದು ಸ್ಕ್ರೂ ತಿರುಗಿಸಿ ನೋಡುವುದು. ಮತ್ತೆ ಇಳಿಯುವುದು. ಅವರ ಹೆಂಡತಿ ಬಾಗಿಲಲ್ಲಿ ನಿಂತು ನನಗೆ ಹೇಳಿದರು: “ಅಲ್ಲಿ ಅಣ್ಣನ ಕಾಲು ನಡೆಯುವುದಿಲ್ಲ. ಇಲ್ಲಿ ತಮ್ಮನ ಕಾಲು ನಿಲ್ಲುವುದಿಲ್ಲ. ಒಂದೇ ರೋಗ ಪಾಲಾದ ಹಾಗುಂಟು.”

ಸ್ಕ್ರೂ ಬಿಟ್ಟ ಮೇಲೆ ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಹಳೆಯ ತೆಂಗಿನೆಣ್ಣೆಯನ್ನು ಎಳೆದು ತೆಗೆದರು. ಬಟ್ಟೆ ಕಪ್ಪು ಕಪ್ಪಾಗಿ ಬಂತು. ಮರಳುಕಾಗದ ಹಾಕಿದರೆ ಬೇಗ ಆಗುತ್ತದೆಂದು ಅವರ ಕೈ ತುರಿಸುತ್ತಿತ್ತು. ಮರ ತೆಳ್ಳಗಾದರೆ ಉಕ್ಕಿಗೆ ಕೂರುವುದಿಲ್ಲ, ಬೇಡ ಎಂದು ನಾನು ತಡೆದೆ. ಆಮೇಲೆ ಅಗಸೆ ಎಣ್ಣೆ. ನಾಲ್ಕೇ ಹನಿ ಅಂಗೈಗೆ ಹಾಕಿ ಮರ ಬಿಸಿಯಾಗುವವರೆಗೆ ಉಜ್ಜುವುದು, ಮೇಲೆ ನಿಂತದ್ದನ್ನು ಒರೆಸುವುದು, ಒಣಗಲು ಬಿಡುವುದು, ಮತ್ತೆ ಹಚ್ಚುವುದು. ಉಜ್ಜುವುದರಲ್ಲಿ, ಒರೆಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಬಿಡುವುದೇ ಕಷ್ಟ. ಆಗಾಗ ಬೆರಳಿಟ್ಟು ನೋಡಿ, ಬೆರಳಿನ ಗುರುತು ಮೂಡಿಸಿ, ಅದನ್ನು ಅಳಿಸಲು ಮತ್ತೆ ಉಜ್ಜುವರು.

“ಅಣ್ಣನಿಗೆ ಇನ್ನೊಂದು ಸಲ ಬಡಿದ್ರೆ ಎಂತ ಮಾಡ್ಲಿ ಮಾಸ್ಟ್ರೆ? ಎಣ್ಣೆ ಒಣಗಿರ್ಲಿಲ್ಲ ಅಂತ ಹೇಳ್ಲಾ ಸ್ಮಶಾನದಲ್ಲಿ?”

ನಾನು ಹೋಳನ್ನು ಅವರ ಕೈಯಿಂದ ತೆಗೆದು ಒಣಗಲೆಂದು ಕಿಟಕಿಯಲ್ಲಿಟ್ಟೆ.

ಅಣ್ಣನ ಹೋಳಿನ ವಾರ್ನಿಶನ್ನು ಮಾತ್ರ ಅವರು ಮುಟ್ಟಲಿಲ್ಲ. “ಅದು ಅವ ಕೈಯಾರೆ ಮಾಡಿದ್ದು. ಕೇಳದೆ ತೆಗೆಯಬಾರದು.” ಹಾಗೇ ಕೂಡಿಸಿದರು. ಒಂದು ಕಡೆ ಹೊಳಪು, ಒಂದು ಕಡೆ ಮಂಕು. ಒಂದು ಭಾನುವಾರ ಅಂಬರನಾಥಕ್ಕೆ ಹೊರಟೆವು. ಸ್ಟೇಷನ್ನಿನಲ್ಲಿ ಪೊಲೀಸರು ಚೀಲ ನೋಡುತ್ತಾರೆಂದು ಟ್ರೇನು ಬೇಡವೆಂದರು. ಸಂಗೀನನ್ನು ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಹೋಟೆಲಿನವರ ಹಾಗೆ ಬಾಳೆಲೆಯ ಕಟ್ಟು ಕಟ್ಟಿ, ಶೇರ್ ರಿಕ್ಷಾ ಬದಲಿಸುತ್ತಾ ಹೋದೆವು. ನಾನೇಕೆ ಎಂದರೆ, “ಹಿಡಿದ್ರೆ ನೀವು ಹೇಳಿ, ಇವ ಅಡುಗೆಯವ ಅಂತ. ನಿಮ್ಮ ಮುಖ ನೋಡಿದ್ರೆ ನಂಬ್ತಾರೆ.”

ಮೂರನೇ ಮಹಡಿ, ಲಿಫ್ಟಿಲ್ಲ. ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿದ್ದರು. ತಮ್ಮನ ಮುಖ ನೋಡಲಿಲ್ಲ. ಎಡಗೈ ಚಾಚಿದರು. ಇವರು ಎರಡೂ ಕೈಯಿಂದ ಕೊಟ್ಟರು. ಅಣ್ಣ ಅದನ್ನು ತೊಡೆಯ ಮೇಲಿಟ್ಟು ಹೆಬ್ಬೆರಳಿನಿಂದ ಹಿಡಿಕೆಯನ್ನು ಮೇಲಿಂದ ಕೆಳಗೆ ಸವರಿದರು. ಹೆಬ್ಬೆರಳನ್ನು ಮೂಗಿಗೆ ಹಿಡಿದರು. ತುಳುವಿನಲ್ಲಿ, ತೊದಲುತ್ತಾ, ಆದರೆ ಎದುರುಮನೆಯ ತುಳು ಕೇಳಿ ಕೇಳಿ ಪಳಗಿದ್ದ ನನಗೂ ತಿಳಿಯುವಷ್ಟು ಸ್ಪಷ್ಟವಾಗಿ ಹೇಳಿದರು: “ಒಣಗಲಿಲ್ಲ. ನಿನಗೆ ಯಾವತ್ತೂ ಅವಸರ. ಮತ್ತೆ ಈ ವಾರ್ನಿಶು ತೆಗಿ. ಇದು ಫ್ಯಾಕ್ಟ್ರಿಯದ್ದು, ಅಪ್ಪನದ್ದಲ್ಲ. ತಗೊಂಡು ಹೋಗು.”

ಅಷ್ಟು ವರ್ಷಗಳ ಮೇಲೆ ಅಣ್ಣ ಆಡಿದ ಮೊದಲ ಮಾತು ಅದು. ಮೆಟ್ಟಿಲಿಳಿಯುವಾಗ ಇವರು ಕುದಿಯುತ್ತಿದ್ದರು. “ಕಂಡಿರಾ? ಕಂಡಿರಾ? ಚಾ ಕುಡಿ ಅಂತಲೂ ಹೇಳ್ಲಿಲ್ಲ.” ಕೆಳಗೆ ಬಂದು ರಿಕ್ಷಾದಲ್ಲಿ ಕೂತ ಮೇಲೆ, “ಅವಸರ ಅಂದ. ಅಮ್ಮ ಹಾಗೇ ಹೇಳ್ತಾ ಇದ್ರು” ಎಂದು ಹೊರಗೆ ನೋಡಿದರು.

ವಾರ್ನಿಶು ತೆಗೆದರು. ಅದರ ಕೆಳಗೆ ಇದ್ದದ್ದು ಇವರ ಹೋಳಿನದೇ ಬಣ್ಣ. ಎರಡನ್ನೂ ಪಕ್ಕದಲ್ಲಿಟ್ಟರೆ ಮರದ ಎಳೆ ಕೂಡ ಒಂದೇ ಓಟದಲ್ಲಿ ಹೋಗುತ್ತಿತ್ತು. ಅವರು ಹೆಂಡತಿಯನ್ನು, ನನ್ನ ಹೆಂಡತಿಯನ್ನು, ಕೆಳಗಿನ ವಾಚ್‌ಮನ್ನನ್ನು ಕರೆದು ತೋರಿಸಿದರು. ಮುಂದಿನ ಭಾನುವಾರ ಮತ್ತೆ ಹೋದೆವು. ಅಣ್ಣ ಹಿಡಿಕೆಯ ಬುಡದಲ್ಲಿ ಒಂದು ಬಿಳಿಯ ಕಲೆ ಹುಡುಕಿದರು. “ಬಾಳೆಲೆಯ ನೀರು ತಾಗಿದೆ. ಯಾವ ಮಂಗ ಇದನ್ನು ಎಲೆಯಲ್ಲಿ ಕಟ್ಟಿದ್ದು? ತಗೊಂಡು ಹೋಗು.” ಅದರ ಮುಂದಿನ ವಾರ ಉಕ್ಕಿಗೂ ಮರಕ್ಕೂ ನಡುವೆ ಉಗುರು ಹೋಗುತ್ತದೆ ಎಂದರು. ಆಮೇಲೊಮ್ಮೆ ಎರಡು ಸ್ಕ್ರೂಗಳ ಗೆರೆ ಒಂದೇ ದಿಕ್ಕಿಗಿಲ್ಲ ಎಂದು ವಾಪಸು.

“ಈ ಮನುಷ್ಯ ಒಂದು ಸಲ ‘ಸರಿ ಉಂಟು’ ಅಂತ ಹೇಳ್ಬೇಕು ಮಾಸ್ಟ್ರೆ. ಒಂದೇ ಸಲ. ಅಷ್ಟು ಸಾಕು ನನಗೆ,” ಎನ್ನುತ್ತಿದ್ದರು. ಹೋಟೆಲಿನಲ್ಲಿ ಊಟ ಸರಿಯಿಲ್ಲ ಎಂದು ತಟ್ಟೆ ವಾಪಸು ಕಳಿಸುವ ಗಿರಾಕಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲವಂತೆ. ಈಗ ಪ್ರತಿ ಭಾನುವಾರ ಅಂಥ ಗಿರಾಕಿ.

ಮಳೆ ನಿಲ್ಲುವ ಹೊತ್ತಿಗೆ ಅಲ್ಲಿ ಚಹಾ ಬರತೊಡಗಿತು. ಆಮೇಲೆ ನೀರುದೋಸೆ. ಅಣ್ಣ ತಪ್ಪು ಹುಡುಕಲು ತೆಗೆದುಕೊಳ್ಳುವ ಸಮಯ ಉದ್ದವಾಗತೊಡಗಿತು. ನಡುವೆ ಅಪ್ಪನ ಮಾತು, ಮಾವನ ಮಾತು, ಕಲ್ಯಾಣದ ಕೋಣೆಯಲ್ಲಿ ಸೋರುತ್ತಿದ್ದ ಮಾಡಿನ ಮಾತು. ಒಂದು ಸಲ ನೀರು ಕೇಳಲು ನಾನು ಅಡುಗೆಮನೆಗೆ ಹೋದಾಗ ಅತ್ತಿಗೆ ಮೆಲ್ಲನೆ ಹೇಳಿದರು: “ಶುಕ್ರವಾರದಿಂದಲೇ ಕೇಳ್ಲಿಕ್ಕೆ ಶುರು ಮಾಡ್ತಾರೆ, ಆದಿತ್ಯವಾರ ಯಾವಾಗ ಅಂತ. ನೀವು ಬರುವ ದಿನ ಬೆಳಿಗ್ಗೆಯೇ ಗಡ್ಡ ತೆಗೆಸಿಕೊಳ್ತಾರೆ. ಆ ಚೂರಿಯಲ್ಲಿ ಎಂತ ತಪ್ಪೂ ಇಲ್ಲ.”

ಬರುವಾಗ ದಾರಿಯಲ್ಲಿ ಅದನ್ನು ಅವರಿಗೆ ಹೇಳಿದೆ. ಸಿಟ್ಟಾಗುತ್ತಾರೆಂದುಕೊಂಡಿದ್ದೆ.

“ಗೊತ್ತುಂಟು,” ಎಂದರು.

ಮುಂದಿನ ಭಾನುವಾರ ಹೊರಡುವ ಮುಂಚೆ ಸಂಗೀನನ್ನು ಬಟ್ಟೆಯಲ್ಲಿ ಸುತ್ತುವಾಗ ಅವರು ಕೆಳಗಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದ್ದನ್ನು ನಾನು ಕಣ್ಣಾರೆ ಕಂಡೆ. ಕಂಡದ್ದು ಅವರಿಗೂ ಗೊತ್ತಾಯಿತು.

“ಅವನಿಗೆ ಹುಡುಕ್ಲಿಕ್ಕೆ ಏನಾದ್ರು ಬೇಕಲ್ಲ ಮಾರಾಯ್ರೆ.”

“ಸರಿ ಐತಿ ಅನ್ನಿಸಿಕೊಳ್ಳೂದು ಬ್ಯಾಡೇನ್ರಿ ಹಂಗಾರ?”

ಅವರು ಹೆಗಲ ಬಟ್ಟೆ ತೆಗೆದು ಕೊಡವಿ ಮತ್ತೆ ಹೆಗಲಿಗೆ ಹಾಕಿಕೊಂಡರು. “ಬೇಕು. ಆದ್ರೆ ಇವತ್ತು ಬೇಡ.”

ಹೀಗೆ ಎಷ್ಟೋ ಭಾನುವಾರಗಳು ಹೋದವು. ಆಯುಧಪೂಜೆಗೆ ಸಂಗೀನನ್ನು ಅಲ್ಲಿಗೇ ಒಯ್ದು, ಕುಂಕುಮ ಹಚ್ಚದೆ ಒಂದು ಹೂವಷ್ಟೇ ಇಟ್ಟು, ಸಂಜೆ ವಾಪಸು ತಂದರು. ಕುಂಕುಮ ಬೇಡವೆಂದದ್ದು ಅಣ್ಣ. ಆಮೇಲೂ ಏನೋ ಒಂದು ತಪ್ಪು ಸಿಗುತ್ತಲೇ ಇತ್ತು.

ಎಲ್ಲರೂ ಭಯಪಟ್ಟದ್ದು ಅಂಬರನಾಥದಿಂದ ಬರುವ ಫೋನಿಗೆ. ಆದದ್ದು ಬೇರೆ. ಈ ವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಇವರು ಕುಸಿದರು. ರಿಕ್ಷಾದಲ್ಲಿ ಹಾಕಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. ಹೆಣವನ್ನು ಅಂಗಳದಲ್ಲಿಟ್ಟಾಗ ಮಕ್ಕಳು ದೂರ ನಿಂತು ನೋಡಿದವು. ಫೌಜಿ ಅಂಕಲ್ ಇಷ್ಟು ಹೊತ್ತು ಅಲುಗದೆ ಇದ್ದದ್ದನ್ನು ಅವು ನೋಡಿರಲಿಲ್ಲ. ಅತ್ತಿಗೆ ಬಂದಿದ್ದರು. ಅಣ್ಣನಿಗೆ ಆ ಮೂರು ಮಹಡಿ ಇಳಿಯಲಾಗಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಹೆಂಡತಿ ಬಟ್ಟೆಯ ಕಟ್ಟನ್ನು ನನ್ನ ಕೈಗಿಟ್ಟರು. “ಇದನ್ನು ಅಲ್ಲಿಗೆ ಮುಟ್ಟಿಸಿಬಿಡಿ. ಇಲ್ಲಿದ್ರೆ ಆದಿತ್ಯವಾರ ಬಂದ ಕೂಡ್ಲೇ ಅದು ನನ್ನನ್ನೇ ನೋಡ್ತದೆ.” ಬಿಚ್ಚಿ ನೋಡಿದೆ. ಎಣ್ಣೆ ಒಣಗಿ ಮರ ಒಳಗಿನಿಂದ ಹೊಳೆಯುತ್ತಿತ್ತು. ಉಗುರು ಹೋಗುವಷ್ಟೂ ಸಂದಿಲ್ಲ. ಸ್ಕ್ರೂ ಎರಡೂ ಬಿಗಿ. ಆ ವಾರದ ತಪ್ಪನ್ನು ಅವರಿನ್ನೂ ಮಾಡಿರಲಿಲ್ಲ.

ಒಬ್ಬನೇ ಹೋದೆ. ಅಣ್ಣ ಅದೇ ಕುರ್ಚಿಯಲ್ಲಿದ್ದರು. ಗಡ್ಡ ಬೆಳೆದಿತ್ತು. ನಾನು ಎರಡೂ ಕೈಯಿಂದ ಕೊಟ್ಟೆ. ಅವರು ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳು ಸವರಿದರು. ತಿರುಗಿಸಿದರು, ಇನ್ನೊಂದು ಕಡೆ ಸವರಿದರು. ಬೆಳಕಿಗೆ ಹಿಡಿದರು. ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ, ಏನಾದರೂ ಸಿಗಲಿ, ಒಂದು ಗೀರು, ಒಂದು ಕಲೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದರು.

“ಸರಿ ಉಂಟು,” ಎಂದರು ಅಣ್ಣ.

ಅದನ್ನು ಕೇಳಬೇಕಾದವರು ಕೇಳಲು ಇರಲಿಲ್ಲ. ನನಗೆ ಕೂರಲಾಗಲಿಲ್ಲ. ಏನು ಹೇಳುತ್ತಿದ್ದೇನೆಂದು ತಿಳಿಯುವ ಮುಂಚೆ ಬಾಯಿಂದ ಬಂದುಬಿಟ್ಟಿತು: “ಕೆಳಗಿನ ಸ್ಕ್ರೂ ಒಂಚೂರು ಸಡ್ಲ ಐತಿ ಅನ್ನಸ್ತೈತ್ರಿ ಅಣ್ಣಾರ. ಒಯ್ದು ಬಿಗಿ ಮಾಡಿ, ಬರೂ ವಾರ ತರ್ತೀನಿ.”

ಅವರು ಎಡಗೈಯ ಹೆಬ್ಬೆರಳಿನ ಉಗುರನ್ನು ಸ್ಕ್ರೂವಿನ ಗೆರೆಗಿಟ್ಟು ಒತ್ತಿದರು. ಅದು ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದರು. ಆಮೇಲೆ ಮೊದಲ ಸಲ ತಲೆಯೆತ್ತಿ ನನ್ನ ಮುಖವನ್ನು ನೇರವಾಗಿ ನೋಡಿದರು. ತುಟಿ ಒಂದು ಕಡೆಗೆ ಎಳೆಯುತ್ತಿತ್ತು. ಒಂದೊಂದೇ ಮಾತನ್ನು ಕೂಡಿಸಿ, ನನಗಾಗಿ ಕನ್ನಡದಲ್ಲಿ ಹೇಳಿದರು.

“ಸಡಿಲ ಇಲ್ಲ. ನಿಮಗೆ ಬರ್ಬೇಕು ಅಂತ ಉಂಟಾದ್ರೆ ಸುಮ್ನೆ ಬನ್ನಿ. ಅವನಿಗೂ ನಾನು ಹಾಗೇ ಹೇಳ್ಬಹುದಿತ್ತು.”